ಒಂಬತ್ತನೇ ನಂಬರಿನ ಬಿಲ್ಲೆ

ಇವತ್ತು ಎರಡು ಬಕೆಟ್ ಬಟ್ಟೆ ಒಣಹಾಕಿದೆ, ಗ್ಯಾಸಿನವನಿಗೆ ಫೋನ್ ಮಾಡಿದೆ, ಖರಾಡಿಯ ನಮ್ಮ ಆಫೀಸು ಬಿಟ್ಟು ಹೊರಟ ಹುಡುಗಿಯೊಬ್ಬಳ ಕೊನೆಯ ಸಂಬಳದ ಲೆಕ್ಕವನ್ನು ಮನೆಯಿಂದಲೇ ಮುಗಿಸಿದೆ. ಆಮೇಲೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟೆ. ಬೆರಳಿಗೆ ಹತ್ತಿದ ಆ ವಾಸನೆಗೆ ಬಾಯ್ಲರ್ ಮಾಮಾ ನೆನಪಾದರು…

ಆಗ ನಾನು ಕುರಕುಂಭದ ಒಂದು ಕಾರ್ಖಾನೆಯಲ್ಲಿ ಸಂಬಳದ ಕೆಲಸ ನೋಡುತ್ತಿದ್ದೆ. ಮಾಮಾ ಅಲ್ಲಿ ಬಾಯ್ಲರ್ ಕಾಯುವವರು, ದೌಂಡದಿಂದ ಬರುತ್ತಿದ್ದರು. ದಿನವಿಡೀ ಮರಾಠಿ, ನನ್ನ ಮೇಜಿನ ಮುಂದೆ ಮಾತ್ರ ಕನ್ನಡ. ಸಂಬಳದ ಚೀಟಿ ಮುಟ್ಟುವ ಮೊದಲು ಎಣ್ಣೆಗೈಯನ್ನು ಬಟ್ಟೆಗೆ ಮೂರು ಸಲ ಒರೆಸಿಕೊಳ್ಳುತ್ತಿದ್ದರು.

ಅವರು ನಿವೃತ್ತರಾದ ದಿನ ಕೊನೆಯ ಲೆಕ್ಕ ತೆಗೆದೆ. ಗ್ರಾಚ್ಯುಟಿಯ ಎದುರು ಸೊನ್ನೆ! ಐದು ವರ್ಷ ತುಂಬಿಲ್ಲ ಎಂದಿತು ಸಾಫ್ಟ್‌ವೇರ್. ಮೂರು ವರ್ಷದ ಹಿಂದೆ ಸಾಫ್ಟ್‌ವೇರ್ ಹೊಸದಾಗಿ ಬಂದಾಗ ಮಾಮಾನ ಕಡತಕ್ಕೆ ಗೆದ್ದಲು ಹತ್ತಿತ್ತು. ಕೆಲಸಕ್ಕೆ ಸೇರಿದ ದಿನಾಂಕ ತುಂಬದೆ ಸಾಫ್ಟ್‌ವೇರ್ ಮುಂದೆ ಹೋಗುತ್ತಿರಲಿಲ್ಲ. ಆಮೇಲೆ ತಿದ್ದಿದರಾಯಿತೆಂದು ಆ ದಿನದ ತಾರೀಖನ್ನೇ ಹಾಕಿದ್ದೆ. ಮರೆತೇಬಿಟ್ಟಿದ್ದೆ…

ಮಾಮಾ ಪರದೆಯನ್ನೇ ನೋಡಿದರು. “ರೊಕ್ಕ ಆಮ್ಯಾಲ ಮಾತಾಡೂಣ್ರಿ ಅಕ್ಕಾ. ಹದಿನೆಂಟು ವರ್ಷ ನಾ ಎಲ್ಲಿದ್ದೆ ಹಂಗಾರ?”

“ತಪ್ಪು ನಂದು ಮಾಮಾ.”

“ಹೌದೇನ್ರಿ? ಹಂಗಾರ ಚಹಾ ನಿಮ್ದ.”

ನಗಿಸಲೆಂದೇ ಅಂದದ್ದು. ನನಗೆ ನಗು ಬರಲಿಲ್ಲ. ಮ್ಯಾನೇಜರ ಬಳಿ ಹೋದೆ, ಅವರು ಸೇರಿದ ದಿನದ ಕಾಗದ ಕೇಳಿದರು. ಕಾಗದ ಇಲ್ಲದೆ ದಿನಾಂಕ ತಿದ್ದಲು ಒಪ್ಪಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮಾಮಾನ ಕೊರಳಿನ ಹಿತ್ತಾಳೆ ಬಿಲ್ಲೆ ಕಣ್ಣಿಗೆ ಬಿತ್ತು: ಒಂಬತ್ತು. ಕೆಲಸಕ್ಕೆ ಸೇರಿದ ಸರದಿಯಲ್ಲೇ ಬಿಲ್ಲೆಯ ನಂಬರು. ಹತ್ತನೆಯದು ಎಲೆಕ್ಟ್ರಿಷಿಯನ್‌ದು, ಅವನ ನೇಮಕದ ಪತ್ರ ಗೆದ್ದಲಿಗೆ ಸಿಕ್ಕಿರಲಿಲ್ಲ. ಹದಿನೆಂಟು ವರ್ಷ ಹಳೆಯದು. ಒಂಬತ್ತು ಹತ್ತರ ನಂತರ ಬರುವುದುಂಟೇ?

ಪತ್ರ ಹಿಡಿದು ಮತ್ತೆ ಹೋದೆ. “ಬಿಟ್ಟುಹೋದ ಇನ್ಯಾರದೋ ನಂಬರು ಇವನಿಗೆ ಕೊಟ್ಟಿರಬಹುದಲ್ಲ ಮ್ಯಾಡಮ್?” ಎಂದರು ಮ್ಯಾನೇಜರು. ಅವರು ಹೊಸಬರು. ಮನೆಗೆ ಹೋಗುವಾಗ ಎಲ್ಲರೂ ಬಿಲ್ಲೆ ತೂಗುಹಾಕುವ ಗೇಟಿನ ಹಲಗೆಯ ಬಳಿ ಕರೆದೊಯ್ದೆ. ಸಾಲಾಗಿ ನಂಬರಿನ ಮೊಳೆಗಳು, ಬಿಟ್ಟುಹೋದವರ, ತೀರಿಹೋದವರ ಮೊಳೆಗಳು ಅಂದಿನಿಂದಲೂ ಖಾಲಿ. ಒಬ್ಬರ ನಂಬರು ಇನ್ನೊಬ್ಬರಿಗೆ ಕೊಡುವ ಪದ್ಧತಿಯೇ ಅಲ್ಲಿರಲಿಲ್ಲ. ಮುದಿ ವಾಚ್‌ಮನ್ ಕೇಳದೆಯೇ ಒಂದೊಂದು ಮೊಳೆಯ ಹೆಸರು ಹೇಳುತ್ತ ಹೋದ. ಮ್ಯಾನೇಜರು “ದಿನಾಂಕ ತಿದ್ದಿ,” ಎಂದು ಸಹಿ ಹಾಕಿದರು.

ಎಲೆಕ್ಟ್ರಿಷಿಯನ್ ಸೇರಿದ ತಾರೀಖನ್ನೇ ಮಾಮಾನಿಗೂ ಹಾಕಿ ಗುಂಡಿ ಒತ್ತಿದೆ. ಸೊನ್ನೆ ಹೋಗಿ ಉದ್ದದ ಅಂಕಿ ಬಂತು. ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ, ಆಫೀಸೆಂಬುದನ್ನೂ ಮರೆತು. ಮಾಮಾ ಅಂಕಿ ನೋಡಲಿಲ್ಲ. ಅದರ ಮೇಲಿನ ಸಾಲನ್ನು ಬೆರಳಿಟ್ಟು ಓದಿಸಿಕೊಂಡರು: ಸೇವೆ, ಹದಿನೆಂಟು ವರ್ಷ. “ಇನ್ನೊಮ್ಮೆ ಓದ್ರಿ,” ಎಂದರು. ಓದಿದೆ. ಒಟ್ಟು ಮೂರು ಸಲ. ಆಮೇಲೆ ಮ್ಯಾನೇಜರ ಕೋಣೆಗೂ ಕೇಳುವ ಹಾಗೆ, “ಭಾಳ ಛಲೋ ಓದ್ತಾರ ನಮ್ಮ ಅಕ್ಕಾ!” ಎಂದು ಕೂಗಿ, ಚಹಾ ತಾವೇ ತರಿಸಿದರು.

ಮಾಮಾ ತೀರಿಕೊಂಡು ಎರಡು ವರ್ಷವಾಯಿತು. ನನಗೆ ಸುದ್ದಿ ತಿಳಿಯುವಾಗ ಹದಿಮೂರನೇ ದಿನದ ಕಾರ್ಯವೂ ಮುಗಿದಿತ್ತು… ಅವರ ಮನೆಯ ಗೋಡೆಗೆ ಆ ಲೆಕ್ಕದ ಹಾಳೆ ಕಟ್ಟುಹಾಕಿಸಿಕೊಂಡು ತೂಗುತ್ತಿದೆಯಂತೆ. ಹಣ ಯಾವಾಗಲೋ ಖರ್ಚಾಗಿದೆ.

ಇವತ್ತು ರಾತ್ರಿ ಜೋಳದ ಭಾಕರಿ, ಕಡಲೆಹಿಟ್ಟಿನ ಝುಣಕಾ ಮಾಡಿದ್ದೆ. ನಮ್ಮ ಯಜಮಾನರು ಎರಡು ಭಾಕರಿ ಹೆಚ್ಚು ತಿಂದು, ನನಗಿಂತ ಮೊದಲು ಮಲಗಿದರು.