ಗಂಧ ಮೆತ್ತಿದ ಮೌಸು

ಮೊಮ್ಮಕ್ಕಳೇ, ಸುಮಾ, ಕಿರಣಾ, ಆಯುಧಪೂಜೆಯ ಮಾರನೇ ದಿನ ನಮ್ಮ ಮೀನುಗಾರರ ಸಂಘದ ಕಾರ್ಯದರ್ಶಿ ಸುಬ್ರಾಯಣ್ಣ ಎದ್ದು ನಿಂತು, ಕಸ ಗುಡಿಸುತ್ತಿದ್ದ ನನಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಬಿರುಗಾಳಿ ಏಳುವ ಸೂಚನೆ ಇತ್ತು. ಕಡಲಲ್ಲಿರುವ ದೋಣಿಗಳ ಪಟ್ಟಿಯನ್ನು ಕೂಡಲೇ ಮೇಲ್ ಮಾಡಿ ಎಂದು ಹೊನ್ನಾವರದ ಮೀನುಗಾರಿಕೆ ಕಚೇರಿಯಿಂದ ಫೋನ್ ಬಂದಿತ್ತು. ಕಂಪ್ಯೂಟರ್ ನೋಡುವ ಹುಡುಗಿ ರಜೆಯಲ್ಲಿದ್ದಳು. ಎಪ್ಪತ್ತು ದಾಟಿದ ಸುಬ್ರಾಯಣ್ಣ ಮೌಸನ್ನು ಮೇಜಿನ ತುಂಬ ಉಜ್ಜುತ್ತಿದ್ದರು. ಪರದೆಯ ಮೇಲಿನ ಬಾಣ ಕದಲಲಿಲ್ಲ. ಅವರ ಮಗನೂ ಕಡಲಲ್ಲಿದ್ದ.

“ಎಂತ ಆತು ಇದಕ್ಕೆ? ಸತ್ತೇ ಹೋತಾ, ನಾಗಮ್ಮ?”

ದಿನಾ ಮೇಜು ಒರೆಸುವ ನನಗೆ ಗೊತ್ತಿತ್ತು. “ಸತ್ತಿಲ್ಲ ಅಣ್ಣ. ನಿನ್ನೆ ಪೂಜೆಯಲ್ಲಿ ನೀವೇ ಅದರ ಹೊಟ್ಟೆಗೂ ಗಂಧ ಮೆತ್ತಿದ್ರಿ. ಕಣ್ಣು ಮುಚ್ಚಿದೆ.”

ಮೌಸಿನ ಅಡಿಯಲ್ಲಿ ಬೆಳಕು ಬರುವ ತೂತನ್ನು ಸೆರಗಿನಿಂದ ಒರೆಸಿದೆ. ಬಾಣ ಓಡಿತು. ಆದರೆ ಪಟ್ಟಿಯನ್ನು ಮೇಲ್‌ಗೆ ಸೇರಿಸುವುದು ಅವರಿಗೆ ತಿಳಿಯಲಿಲ್ಲ. ಆ ಹುಡುಗಿಗೆ ಚಹಾ ಕೊಡುವಾಗೆಲ್ಲ ಅವಳು ಅದನ್ನು ಮಾಡುವುದನ್ನು ನೋಡಿದ್ದೆ. ಕುರ್ಚಿಯಲ್ಲಿ ಕೂತು, ಪಟ್ಟಿ ಹುಡುಕಿ, ಸೇರಿಸಿ ಕಳಿಸಿದೆ. ತಲುಪಿತು ಎಂಬ ಉತ್ತರ ಬರುವವರೆಗೆ ಏಳಲಿಲ್ಲ. ಅಲ್ಲಿಂದ ದೋಣಿಗಳಿಗೆ ಸುದ್ದಿ ಹೋಯಿತು. ಸಂಜೆಯೊಳಗೆ ಎಲ್ಲವೂ ದಡ ಸೇರಿದವು.

ನಿಮ್ಮ ಅಜ್ಜ ಕಡಲಿನಿಂದ ಮರಳದ ದಿನ ನನ್ನಿಂದ ಏನೂ ಮಾಡಲಾಗಿರಲಿಲ್ಲ. ಈ ಸಲ ಆಯಿತು. ಅದಕ್ಕೇ ನಿಮಗಾಗಿ ಇದನ್ನು ಬರೆದಿದ್ದೇನೆ; ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.