ಊದಿದರೆ ಹಾರಬೇಕಾದ ಹಿಟ್ಟು

ಅಥವಾ ಗಿರಣಿ ಕಾಕಾನ ಹುಬ್ಬುಗಳ ಮೇಲಿದ್ದದ್ದು ಬರೀ ನರೆಯೇ ಇರಬಹುದು. ಜೋಳದ ಹಿಟ್ಟು ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಗಿರಣಿಯವರೆಂದರೆ ಹುಬ್ಬಿನ ಮೇಲೆ ಹಿಟ್ಟು ಕೂತಿರಬೇಕು ಎಂದು ನೆನಪೇ ಅದನ್ನು ಉದುರಿಸಿರಲೂಬಹುದು. ಕೆಮ್ಮಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಮೋಟರು ನಿಂತ ಮೇಲೂ ತಾಳಿಕೋಟೆಯ ನಮ್ಮ ಓಣಿಗೆಲ್ಲ ಅದು ಕೇಳುತ್ತಿತ್ತು.

ನಮ್ಮ ಮನೆಯ ಎದುರಿಗೇ ಅವರ ಗಿರಣಿ. ನಾವೆಲ್ಲ ಗಿರಣಿ ಕಾಕಾ ಎನ್ನುತ್ತಿದ್ದೆವು. ಹಿಟ್ಟು ಸಣ್ಣಗಾಗಿದೆಯೇ ಎಂದು ನೋಡಲು ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ: ಚಿಟಿಕೆ ಹಿಟ್ಟನ್ನು ಅಂಗೈಯಲ್ಲಿಟ್ಟು, ಮೂಗಿಗೆ ಕಟ್ಟಿದ ವಸ್ತ್ರ ಕೆಳಗೆ ಸರಿಸಿ, ಊದುವುದು. ಪೂರಾ ಹಾರಿದರೆ ಸಣ್ಣ. ಹಾರದಿದ್ದರೆ ಬೀಸುವ ಕಲ್ಲು ಸವೆದಿದೆ, ಉಳಿ ಹೊಡೆಸಿ ಮತ್ತೆ ಒರಟು ಮಾಡಿಸಬೇಕು. ಹಿಟ್ಟು ಒಳಗೆ ಹೋಗಬಾರದೆಂದು ವಸ್ತ್ರ ಕಟ್ಟಿಕೊಂಡು, ಅದನ್ನೇ ಸರಿಸಿ ಹಿಟ್ಟಿಗೆ ಬಾಯಿ ಹಚ್ಚುವವರಿಗೆ ಏನು ಹೇಳುವುದು? ಅದರ ಮೇಲೆ ಬೀಡಿ ಬೇರೆ.

ಒಂದು ವರ್ಷ ಹಿಟ್ಟು ಹಾರುವುದನ್ನೇ ಬಿಟ್ಟಿತು. ಕಲ್ಲಿಗೆ ಉಳಿ ಹೊಡೆಸಿದರು. ಹಾರಲಿಲ್ಲ. ಮತ್ತೆ ಹೊಡೆಸಿದರು. ರೊಟ್ಟಿಯಲ್ಲಿ ಕಲ್ಲಿನ ಪುಡಿ ಬರುತ್ತದೆಂದು ಓಣಿಯ ಹೆಂಗಸರು ಕಾಕಾನನ್ನು ಬೈದರು, ಕಾಕಾ ಕಲ್ಲನ್ನು ಬೈದರು.

ಅವರ ಹೆಂಡತಿ, ನಮ್ಮ ಕಾಕು, ಬೆನ್ನು ಹತ್ತಿದ್ದಕ್ಕೆ ನಾನು ಕಾಕಾನನ್ನು ಮುದ್ದೇಬಿಹಾಳದ ಡಾಕ್ಟರ ಕಡೆ ಕರೆದೊಯ್ದೆ. ಡಾಕ್ಟರು ಉಸಿರಿನ ಬಲ ಅಳೆಯುವ ಒಂದು ಕೊಳವೆ ಕೊಟ್ಟು ಜೋರಾಗಿ ಊದಲು ಹೇಳಿದರು. ಅದರ ಮೇಲಿನ ಮುಳ್ಳು ಚೂರು ಅಲುಗಿತು, ಅಷ್ಟೇ. ಕಾಕಾ ಕೊಳವೆಯನ್ನು ತಿರುಗಿಸಿ ನೋಡಿ, ಇದು ಕಟ್ಟಿಕೊಂಡಿದೆ, ಬೇರೆಯದು ಕೊಡಿ ಎಂದರು.

ನೆಗಡಿಯ ಹಿಂದೆ ಬರುವ ಕೆಮ್ಮಾದರೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ವರ್ಷಗಟ್ಟಲೆ ಕಫ ತರುವ ಈ ಕೆಮ್ಮು ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಬೀಡಿ ಬಿಟ್ಟು, ಧೂಳಿನಿಂದ ದೂರವಿದ್ದು, ಔಷಧಿಯ ಪಂಪನ್ನು ದಿನಾ ಎಳೆದರೆ ಉಳಿದ ಉಸಿರನ್ನು ಬಹಳ ಕಾಲ ಕಾಯ್ದುಕೊಳ್ಳಬಹುದಂತೆ.

“ಒಂದ್ ಸೂಜಿ ಮಾಡಿಬಿಡ್ರಿ ಸಾಹೇಬ್ರ, ಹೋಗಿಬಿಡತೈತಿ,” ಎಂದರು ಕಾಕಾ.

“ಯಜಮಾನ್ರ, ಬೀಡಿ ಯಾರೂ ಹೇಳದ ದಿನಾ ಎಳೀತೀರಿ. ಇದನ್ನ ಎಳಿಯಾಕ ಏನ್ ಧಾಡಿ?”

ಪಂಪು ಗಲ್ಲಾಪೆಟ್ಟಿಗೆ ಸೇರಿತು. ದಿನಾ ಎಳೆದರೆ ಚಟ ಹತ್ತುತ್ತದಂತೆ. ಬೀಡಿ ಕಚ್ಚಿಕೊಂಡೇ ಹಾಗೆಂದರು. ನಾನು ಕೂಗಾಡಿದೆ. ಅವರು ಶಾಂತವಾಗಿ ಹೇಳಿದರು: “ಕೆಟ್ಟಿದ್ದು ಕಲ್ಲ, ತಮ್ಮಾ. ನಾ ಅಲ್ಲ.”

ಒಂದು ಬೆಳಿಗ್ಗೆ ನಮ್ಮ ಜೋಳ ಬೀಸುತ್ತಿದ್ದ ಕಾಕಾ ಅಂಗೈಯ ಹಿಟ್ಟನ್ನು ಊದಿದರು. ಅಲ್ಲಾಡಲಿಲ್ಲ. ಗೋಡೆ ಹಿಡಿದು ಕೆಮ್ಮಿ ಮುಗಿಸಿ, ಅದೇ ಅಂಗೈಯನ್ನು ನನ್ನ ಮುಂದೆ ಹಿಡಿದರು.

“ನೀ ಊದು.”

ಊದಿದೆ. ಪೂರಾ ಹಾರಿತು. ಬರಿದಾದ ಅಂಗೈಯನ್ನು ಅವರು ನೋಡುತ್ತ ನಿಂತರು. ಎಷ್ಟು ಹೊತ್ತು? ಬಹಳ ಹೊತ್ತು ಎಂದು ಬರೆಯಲು ಕೈ ಓಡುತ್ತದೆ, ಆದರೆ ಗೊತ್ತಿಲ್ಲ. ಆಮೇಲೆ ವಸ್ತ್ರ ಮೇಲೆಳೆದುಕೊಂಡು, ಉಳಿ ಹೊಡೆಯುವವನಿಗೆ ನಾಳೆ ಬರಲು ಹೇಳು ಎಂದರು. ನನಗೆ ಆ ಕಲ್ಲಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಆ ಚಳಿಗಾಲವನ್ನು ಅವರು ದಾಟಲಿಲ್ಲ. ಕಾಕು ಪಂಪನ್ನು ನನ್ನ ಕೈಗೆ ಕೊಟ್ಟರು. ಗಲ್ಲಾಪೆಟ್ಟಿಗೆಯಲ್ಲಲ್ಲ, ದಿಂಬಿನ ಕೆಳಗೆ ಸಿಕ್ಕಿತಂತೆ. ಒತ್ತಿ ನೋಡಿದೆ. ಖಾಲಿ. ನನ್ನಿಂದ ಹಿಟ್ಟು ಊದಿಸಿದ ಆ ಬೆಳಿಗ್ಗೆಯಿಂದ ಯಾರಿಗೂ ಹೇಳದೆ ದಿನಾ ಎಳೆದಿದ್ದರೋ, ಕೊನೆಯಲ್ಲಿ ಉಸಿರು ಸಿಗದಾಗ ಒಮ್ಮೆಲೇ ಒತ್ತಿ ಒತ್ತಿ ಮುಗಿಸಿದ್ದರೋ? ಕಾಕು ನೋಡಿಲ್ಲ. ನನಗೂ ಗೊತ್ತಿಲ್ಲ.