ಸುದ್ದಿಯನ್ನು ತಡೆದು ನಿಲ್ಲಿಸುವ ವಳರ್ಮತಿ

ತಮಿಳುನಾಡಿನ ಉಸಿಲಂಪಟ್ಟಿ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಅಂಗಡಿಯ ಶಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಬೆಳಕು ಹರಿಯುವ ಮೊದಲೇ ವಳರ್ಮತಿ ಕಂಪ್ಯೂಟರಿನ ಮುಂದೆ ಕೂತು, ಆಧಾರ್ ಕಾರ್ಡಿನ ಮಸುಕು ಫೋಟೋದಿಂದ ಸೀನಿಯಮ್ಮಾಳ್ ಎಂಬ ಹೆಂಗಸಿನ ಮುಖ ಬಿಡಿಸಿ, ಸುತ್ತ ಹೂವಿನ ಹಾರ ಕೂರಿಸುತ್ತಿದ್ದಾರೆ. ಸೀನಿಯಮ್ಮಾಳ್ ತೀರಿಕೊಂಡದ್ದು ಇದೇ ನಸುಕಿನಲ್ಲಿ. ಸಾವಿನ ಸುದ್ದಿಯ ಈ 'ಕಣ್ಣೀರಂಜಲಿ' ಪೋಸ್ಟರು ಗೋಡೆಗಳಿಗೆ ಅಂಟಬೇಕು. ಅಂಗಡಿಯವರು ನಡೆಸುವ ಊರಸುದ್ದಿಯ ಫೇಸ್‌ಬುಕ್ ಪುಟಕ್ಕೂ ಹೋಗಬೇಕು. ಚಿತ್ರ ಸಿದ್ಧವಾಗಿದೆ. ಆದರೆ ವಳರ್ಮತಿ ಹಾಕುತ್ತಿಲ್ಲ.

"ಮಗಳು ತಮಿಳರಸಿ ತಿರುಪ್ಪೂರಿಂದ ಬಸ್ಸಲ್ಲಿ ಬರ್ತಾ ಇದಾಳೆ. ತುಂಬು ಬಸುರಿ. ಅಮ್ಮಂಗೆ ಹುಷಾರಿಲ್ಲ ಅಂತಷ್ಟೇ ಹೇಳಿದಾರೆ. ಕೈಯಲ್ಲಿ ಫೋನಿದೆ," ಎನ್ನುತ್ತಾರೆ. ಇಂಥ ಸುದ್ದಿಯನ್ನು ಹೆಣ್ಣುಮಗಳಿಗೆ ಸೋದರಮಾವನೇ ಕೈಹಿಡಿದು ಹೇಳುವುದು ಇಲ್ಲಿಯವರ ರೂಢಿ. ಮಾವ ವೀರಣನ್ ಆಗಲೇ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿದ್ದಾರೆ.

ತನ್ನ ಪುಟವೊಂದನ್ನು ತಡೆದರೆ ಸಾಲದು. ಊರಲ್ಲಿ ಇಂಥ ಪುಟ, ಗುಂಪುಗಳು ಬೇಕಾದಷ್ಟಿವೆ. ವಳರ್ಮತಿ ಒಬ್ಬೊಬ್ಬರಿಗೂ ಫೋನ್ ಮಾಡಿ ಎಬ್ಬಿಸುತ್ತಾರೆ. ಜೆಯಬಾಲು ಎಂಬಾತ ಆಗಲೇ ಸುದ್ದಿ ಹಾಕಿಬಿಟ್ಟಿದ್ದಾನೆ.

"ಅಣ್ಣೇ, ತೆಗಿ ಅದನ್ನ. ಮೊದಲು ಹಾಕ್ದೋರಿಗೆ ಸ್ವರ್ಗದಲ್ಲಿ ಕಿಟಕಿ ಪಕ್ಕದ ಸೀಟು ಕೊಡ್ತಾರಾ? ನಿನ್ ತಂಗೀನೂ ಒಂದಿನ ಹೀಗೇ ಬಸ್ಸಲ್ಲಿ ಬರ್ತಾಳೆ. ಅವತ್ತು ನಾನು ತಡೀಬೇಕೋ ಬೇಡ್ವೋ? ಯಾವಾಗ ಅಂತ ನಾನೇ ಹೇಳ್ತೀನಿ, ಆಮೇಲೆ ಹಾಕು."

ಸುದ್ದಿ ಮಾಯವಾಗುತ್ತದೆ. ತಮಿಳರಸಿ ಅಷ್ಟರಲ್ಲಿ ನೋಡಿಬಿಟ್ಟಳೋ ಏನೋ, ಯಾರಿಗೂ ಗೊತ್ತಿಲ್ಲ.

ವಳರ್ಮತಿ ಮೊದಲು ದಿಂಡಿಗಲ್ಲಿನ ನೂಲಿನ ಗಿರಣಿಯಲ್ಲಿದ್ದವರು. ಒಮ್ಮೆ ಬಸ್ಸಿನಲ್ಲಿ ಊರಿಗೆ ಬರುತ್ತ ಫೋನ್ ತೆಗೆದರೆ ಅಪ್ಪನ ಮುಖ, ಸುತ್ತ ಹಾರ. "ಕೆಳಗಡೆ ಯಾವನೋ ನಗೋ ಮುಖ ಒತ್ತಿದ್ದ. ಬೆರಳು ಜಾರಿತ್ತೋ, ಕೊಬ್ಬೋ. ಪಕ್ಕದಲ್ಲಿ ಕೂತಿದ್ದೋಳ ಭುಜಕ್ಕೆ ತಲೆ ಕೊಟ್ಟು ಅತ್ತೆ. ಅವಳ್ಯಾರು ಅಂತ ಇವತ್ತಿಗೂ ಗೊತ್ತಿಲ್ಲ ನಂಗೆ."

ಈಗ ಪುಟದಲ್ಲಿ ಅಂಥ ನಗುವ ಮುಖಗಳನ್ನು ಹುಡುಕಿ ಅಳಿಸುವುದೂ ಅವರದೇ ಕೆಲಸ. ತೀರಿಕೊಂಡವರ ಮನೆಯವರ ಫೋನ್ ನಂಬರು ಕದ್ದು ಕಾಡುವವರನ್ನು ಆಚೆ ಹಾಕುವುದೂ ಅವರೇ. "ಹೆಣದ ಫೋಟೋ ಕೆಳಗೆ ಬಂದು ಸಾಲ ಬೇಕಾ ಅಂತ ಕೇಳ್ತಾರೆ, ಥೂ!"

ಹೋದ ತಿಂಗಳು ವರ್ತಕರ ಸಂಘವೊಂದು ಈ ಪುಟಕ್ಕಾಗಿ 'ಸಾಮಾಜಿಕ ಜಾಲತಾಣ ತಜ್ಞ' ಎಂಬ ಬಿರುದು ಕೊಟ್ಟಿತು. ಯಾರಿಗೆ? ಅಂಗಡಿಯ ಮಾಲೀಕ, ಅಂದರೆ ವಳರ್ಮತಿಯವರ 'ಮೊದಲಾಳಿ' ಧನಶೇಖರನ್ ಅವರಿಗೆ. ವೇದಿಕೆಯ ಮೇಲೆ ಅವರು ವೇಗದ ಮಹತ್ವ ಕುರಿತು ಭಾಷಣ ಮಾಡಿದರು. ವಳರ್ಮತಿ ಕೆಳಗೆ ನಿಂತು ಅದರ ವಿಡಿಯೊ ತೆಗೆದರು. ಎಷ್ಟು ಜನ ನೋಡಿದರೆಂದು ಲೆಕ್ಕ ಹೇಳುವವರನ್ನು ತಜ್ಞರೆನ್ನುವ ಲೋಕಕ್ಕೆ, ಯಾರು ಯಾವಾಗ ನೋಡಬಾರದೆಂದು ಬಲ್ಲವರು ಕಾಣುವುದೇ ಇಲ್ಲ.

ಧನಶೇಖರನ್ ಚಹಾದ ಗ್ಲಾಸು ಹಿಡಿದೇ ಒಳಗೆ ಬರುತ್ತಾರೆ. "ಏಮ್ಮಾ, ಇನ್ನೂ ಹಾಕಿಲ್ವಾ? ಹೆಣ ಎತ್ತಿದ್ಮೇಲೆ ಹಾಕ್ತೀಯಾ?"

"ಹುಡುಗಿ ಬಸ್ ಇಳೀಲಿ, ಮೊದಲಾಳಿ."

"ನಮ್ಮ ಪುಟ ಬಿದ್ದೋಗತ್ತೆ!"

"ಬೀಳ್ಲಿ. ಎತ್ತಿ ನಿಲ್ಸೋಕೆ ಶಾಲು ಹೊದ್ದೋರು ನೀವಿದೀರಲ್ಲ."

ಅವರು ಮೌಸಿನ ಮೇಲೆ ಕೈಯಿಡಲು ಹೋದರೆ ವಳರ್ಮತಿ ಅದರ ತಂತಿಯನ್ನೇ ಕಿತ್ತು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಕೆಲಸ ಹೋದರೂ ಹೋಗಬಹುದು, ಅದು ಅವರಿಗೂ ಗೊತ್ತು.

ತಿರುಪ್ಪೂರಿನ ಬಸ್ಸು ಬರುತ್ತದೆ. ಸ್ವಲ್ಪ ಹೊತ್ತಿಗೆ ವೀರಣನ್ ಅವರ ಫೋನು. "ಇಳಿದ್ಲು ತಾಯೀ. ಏನೂ ಗೊತ್ತಿರ್ಲಿಲ್ಲ. ನಾನೇ ಹೇಳ್ದೆ." ಅವರ ದನಿಯ ಹಿಂದೆ ಹೆಣ್ಣೊಬ್ಬಳ ಅಳು ಕೇಳುತ್ತದೆ.

ವಳರ್ಮತಿ ಕಣ್ಣೊರೆಸಿಕೊಂಡು, ಕಾದು ಕೂತವರಿಗೆಲ್ಲ ಮೊದಲು ಹೇಳುತ್ತಾರೆ: ಈಗ ಹಾಕಿ. ಆಮೇಲೆ ತಂತಿ ಸಿಕ್ಕಿಸಿ ತನ್ನ ಪುಟಕ್ಕೆ ಹಾಕುತ್ತಾರೆ.

"ಊರಿಗೆಲ್ಲ ಕೊಟ್ಟು ನಾವು ಕಡೇನಾ?" ಧನಶೇಖರನ್ ಹಲ್ಲು ಕಡಿಯುತ್ತಾರೆ.

"ಕಡೇನೇ ಮೊದಲಾಳಿ. ಹುಡುಗಿ ಮಾವನ ಕೈ ಹಿಡ್ಕೊಂಡು ಅತ್ಲು."